ಐದಡಿ ಐದಿಂಚಿನವರಿಗೆ 250 ಕೆ.ಜಿ. ಬೈಕು ಆಗಿಬರುತ್ತದೆಯೇ?

ಪ್ರಶ್ನೆ: ನನಗೆ 43 ವರ್ಷ. ಎತ್ತರ 5 ಅಡಿ 5 ಇಂಚು, ತೂಕ 68 ಕೆ.ಜಿ. ಊರು ಶಿವಮೊಗ್ಗ. ಒಂಬತ್ತು ವರ್ಷದಿಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಓಡಿಸುತ್ತಿದ್ದೇನೆ. ಈಗ ಬೆಂಗಳೂರಿನಲ್ಲಿ 2021ರ ಬಿಎಂಡಬ್ಲ್ಯು ಆರ್ 1250 ಜಿಎಸ್ ಒಂದು ಮಾರಾಟಕ್ಕಿದೆ, 31 ಸಾವಿರ ಕಿ.ಮೀ. ಓಡಿದೆ. ಹೆಚ್ಚುಕಡಿಮೆ ಅದೇ ಹಣಕ್ಕೆ ಹೊಸ ಸುಜುಕಿ ವಿ-ಸ್ಟ್ರಾಮ್ 800ಡಿಇ ಕೂಡ ಬರುತ್ತದೆ. ತಿಂಗಳಿಗೆ ಎರಡು ಸಲ ಹೆಂಡತಿಯನ್ನು ಕೂರಿಸಿಕೊಂಡು ತೀರ್ಥಹಳ್ಳಿ ಹತ್ತಿರದ ಮಾವನ ಮನೆಗೆ ಹೋಗುತ್ತೇನೆ. ಕೊನೆಯ ಮೂರು ಕಿ.ಮೀ. ಮಣ್ಣಿನ ಏರುದಾರಿ. ಮುಂದಿನ ವರ್ಷ ಲಡಾಖ್‌ಗೆ ಹೋಗುವ ಆಸೆಯಿದೆ. ಎರಡೂ ಬೈಕಿನ ಮೇಲೆ ಕೂತು ನೋಡಿದೆ, ಕಾಲ್ಬೆರಳು ಮಾತ್ರ ನೆಲ ಮುಟ್ಟುತ್ತದೆ. ಸ್ನೇಹಿತರು ‘ಲೋವರಿಂಗ್ ಲಿಂಕ್ (ಬೈಕಿನ ಹಿಂಭಾಗ ತಗ್ಗಿಸುವ ಕೊಂಡಿ) ಹಾಕಿಸು, ಸರಿಹೋಗುತ್ತೆ. ಭಾರದ ಬೈಕು ರಸ್ತೆಗೆ ಕಚ್ಚಿ ಕೂರುತ್ತೆ. ಎಲೆಕ್ಟ್ರಾನಿಕ್ಸ್ ಬೀಳೋಕೆ ಬಿಡಲ್ಲ. ಲಡಾಖ್‌ಗೆ ಸಣ್ಣ ಎಂಜಿನ್ ಸಾಲದು’ ಎನ್ನುತ್ತಾರೆ. ಧೈರ್ಯ ಮಾಡಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಅಳುಕು ಹೆಣೆದುಕೊಂಡಿವೆ. ಕಾಲು ಎಟುಕದು ಎಂಬುದೊಂದು, ಭಾರ ತಡೆಯಲಾಗದು ಎಂಬುದು ಇನ್ನೊಂದು. ಸ್ನೇಹಿತರು ಮದ್ದು ಹೇಳುತ್ತಿರುವುದು ಮೊದಲನೆಯದಕ್ಕೆ. ನಿಮ್ಮ ನಿಜವಾದ ತೊಡಕು ಎರಡನೆಯದು. ಅದೂ ಬೈಕು ಓಡುವಾಗ ಅಲ್ಲ, ನಿಂತಾಗ ಮತ್ತು ನಡಿಗೆಯ ವೇಗದಲ್ಲಿದ್ದಾಗ. ದೊಡ್ಡ ಅಡ್ವೆಂಚರ್ ಬೈಕುಗಳು ಸಾಮಾನ್ಯವಾಗಿ ಬೀಳುವುದೇ ಅಲ್ಲಿ: ಪೆಟ್ರೋಲ್ ಬಂಕಿನಲ್ಲಿ, ಮನೆ ಗೇಟಿನೆದುರು ಯು-ಟರ್ನ್ ಹೊಡೆಯುವಾಗ, ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ. ಗಂಟೆಗೆ 20 ಕಿ.ಮೀ. ದಾಟಿತೆಂದರೆ ಈ ಬೈಕುಗಳ ಭಾರ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಆದ್ದರಿಂದ ಹತ್ತು ನಿಮಿಷದ ಟೆಸ್ಟ್ ರೈಡಿನಲ್ಲಿ ಸಿಕ್ಕ ಸುಖ ನಂಬಿ ಮುಂಗಡ ಕೊಡಬೇಡಿ. ನಿಂತ ಬೈಕನ್ನು ಪರೀಕ್ಷೆ ಮಾಡಿ.

ಲೆಕ್ಕ ನೋಡೋಣ. ಆರ್ 1250 ಜಿಎಸ್ ಪೆಟ್ರೋಲ್ ಸಮೇತ 249 ಕೆ.ಜಿ. ಅದರ ಗುರುತ್ವ ಕೇಂದ್ರ ನೆಲದಿಂದ ಸುಮಾರು 55 ಸೆಂ.ಮೀ. ಎತ್ತರದಲ್ಲಿದೆ, ನೀವು ಹಿಡಿದಿರುವ ಹ್ಯಾಂಡಲ್ 110 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಬೈಕು 5 ಡಿಗ್ರಿ ವಾಲಿದಾಗ ಅದನ್ನು ತಡೆದು ನಿಲ್ಲಿಸಲು ಸುಮಾರು 11 ಕೆ.ಜಿ. ಬಲ ಸಾಕು. 15 ಡಿಗ್ರಿ ವಾಲಿದರೆ 32 ಕೆ.ಜಿ. ಬೇಕು. 25 ಡಿಗ್ರಿಗೆ 53 ಕೆ.ಜಿ. ಹತ್ತಿರ ಹೋಗುತ್ತದೆ. ಮೇಲೆ ನೀವೂ ಕೂತಿದ್ದರೆ, ಹಿಂದೆ ಇನ್ನೊಬ್ಬರಿದ್ದರೆ ಇದಕ್ಕಿಂತ ಹೆಚ್ಚು. ಅಂದರೆ ಒಂದು ಹದ ಮೀರುವವರೆಗೆ ಬೈಕು ಬೆರಳಿನಲ್ಲಿ ನಿಲ್ಲುತ್ತದೆ, ಮೀರಿದ ಮರುಕ್ಷಣ ಯಾರ ತೋಳಿಗೂ ನಿಲ್ಲುವುದಿಲ್ಲ. ಕಾಲು ಪೂರ್ತಿ ಎಟುಕುವವರಿಗೆ ಆ ಹದ ತುಸು ದೂರದಲ್ಲಿರುತ್ತದೆ, ನಿಮಗೆ ಹತ್ತಿರದಲ್ಲಿರುತ್ತದೆ. ನಿಮಗೂ ಆರಡಿ ಎತ್ತರದವರಿಗೂ ಇರುವ ವ್ಯತ್ಯಾಸ ಇಷ್ಟೇ. ಹದ ಮೀರಿತು ಅನಿಸಿದರೆ ಹಿಡಿದೆಳೆಯಲು ಹೋಗಬೇಡಿ. ಸೊಂಟ ಹಿಡಿದುಕೊಳ್ಳುವುದು, ಮೊಣಕಾಲು ತಿರುಚುವುದು ಆಗಲೇ. ಬಿಟ್ಟುಬಿಡಿ, ಕಾಲು ಆಚೆ ತೆಗೆಯಿರಿ. ಕ್ರ್ಯಾಶ್ ಗಾರ್ಡ್ ಇರುವುದು ಅದಕ್ಕೇ.

ಇನ್ನು ಎತ್ತರ. ಆರ್ 1250 ಜಿಎಸ್ ಸೀಟು 850 ಅಥವಾ 870 ಮಿ.ಮೀ.ಗೆ ಹೊಂದಿಸಬಹುದು, ವಿ-ಸ್ಟ್ರಾಮ್ 800ಡಿಇ ಸೀಟು 855. ಈ ಅಂಕಿ ಮೇಲೆ ಯಾರೂ ಕೂರದಿದ್ದಾಗಿನದು. ನೀವು ಕೂತ ಕೂಡಲೇ ಸಸ್ಪೆನ್ಶನ್ ಕುಗ್ಗಿ ಸೀಟು ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಹಿಂದಿನ ಶಾಕ್‌ನ ಪ್ರಿಲೋಡ್ ಮೇಲೆ, ಅಂದರೆ ಅದರ ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿದಿಟ್ಟಿದೆ ಎಂಬುದರ ಮೇಲೆ ನಿಂತಿದೆ. ಷೋರೂಮ್ ಬೈಕಿನಲ್ಲಾಗಲಿ, ಸೆಕೆಂಡ್ ಹ್ಯಾಂಡ್ ಬೈಕಿನಲ್ಲಾಗಲಿ ಪ್ರಿಲೋಡ್ ಯಾರದೋ ತೂಕಕ್ಕೆ, ಯಾರದೋ ಲಗೇಜಿಗೆ ಬಿಗಿದಿರಬಹುದು. ಲಿಂಕ್, ಸೀಟು ಎಂದು ಖರ್ಚು ಮಾಡುವ ಮೊದಲು ಇದನ್ನು ಸರಿಪಡಿಸಿ.

ವಿಧಾನ ಸುಲಭ. ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡುವಂತೆ ಬೈಕನ್ನು ಎತ್ತಿ. ಆಕ್ಸಲ್‌ನಿಂದ ನೇರ ಮೇಲೆ, ಬಾಲದ ಮೇಲೊಂದು ಟೇಪಿನ ಗುರುತು ಹಾಕಿ ಅಂತರ ಅಳೆಯಿರಿ. ಆಮೇಲೆ ಪೂರ್ತಿ ಗೇರ್ ಧರಿಸಿ ನೀವು ಕೂತು, ಒಬ್ಬರು ಮುಂದೆ ಹಿಡಿದುಕೊಂಡಿರುವಾಗ ಇನ್ನೊಬ್ಬರಿಂದ ಅದೇ ಅಂತರ ಅಳೆಸಿ. ಎರಡರ ವ್ಯತ್ಯಾಸ ಒಟ್ಟು ಚಲನೆಯ (ಚಕ್ರ ಮೇಲೆ ಕೆಳಗೆ ಆಡಬಲ್ಲ ಪೂರ್ತಿ ದೂರ) ಮೂರನೇ ಒಂದು ಭಾಗದ ಆಸುಪಾಸು ಇರಬೇಕು. ವಿ-ಸ್ಟ್ರಾಮ್ 800ಡಿಇಯ ಹಿಂದಿನ ಚಲನೆ 220 ಮಿ.ಮೀ., ಆದ್ದರಿಂದ 65ರಿಂದ 70 ಮಿ.ಮೀ. ಇಳಿದರೆ ಸರಿ. 40 ಮಾತ್ರ ಇಳಿದರೆ ಪ್ರಿಲೋಡ್ ಹೆಚ್ಚಾಗಿದೆ. ಅದನ್ನು ಸಡಿಲಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಎರಡು ಸೆಂ.ಮೀ.ಗೂ ಹೆಚ್ಚು ಸಿಗುತ್ತದೆ, ಬೈಕು ಮೊದಲಿಗಿಂತ ಚೆನ್ನಾಗಿಯೂ ಓಡುತ್ತದೆ.

ಇದಾದ ಮೇಲೆ ಸೀಟು. ಕಂಪನಿಯ ತಗ್ಗು ಸೀಟಿನಿಂದ ಸಾಮಾನ್ಯವಾಗಿ 20 ಮಿ.ಮೀ. ಉಳಿಯುತ್ತದೆ. ಎತ್ತರಕ್ಕಿಂತ ಸೀಟಿನ ಮುಂಭಾಗದ ಅಗಲ ಹೆಚ್ಚು ಮುಖ್ಯ, ಏಕೆಂದರೆ ಅಗಲ ಸೀಟು ತೊಡೆಗಳನ್ನು ಹೊರಗೆ ತಳ್ಳಿ ಕಾಲಿನ ಉದ್ದವನ್ನು ತಿಂದುಹಾಕುತ್ತದೆ. ಒಳ್ಳೆಯ ಸೀಟು ಕೆಲಸಗಾರರು ಟ್ಯಾಂಕಿನ ಹತ್ತಿರದ ಅಂಚುಗಳನ್ನು ಕೆತ್ತಿ ಕಿರಿದು ಮಾಡಿಕೊಡುತ್ತಾರೆ. ಮಧ್ಯದ ಫೋಮ್ ಮಾತ್ರ 15 ಮಿ.ಮೀ.ಗಿಂತ ಹೆಚ್ಚು ತೆಗೆಯಲು ಬಿಡಬೇಡಿ. ಅಡಿಯ ಪ್ಲಾಸ್ಟಿಕ್ ತಾಗಲು ಶುರುವಾದರೆ 150 ಕಿ.ಮೀ. ದಾಟುವುದರೊಳಗೆ ಕೂರಲಾಗುವುದಿಲ್ಲ. ದಪ್ಪ ಅಟ್ಟೆಯ ರೈಡಿಂಗ್ ಬೂಟಿನಿಂದಲೂ ಎರಡು ಸೆಂ.ಮೀ. ಬರುತ್ತದೆ. ಕ್ಯಾನ್ವಾಸ್ ಶೂ ಹಾಕಿಕೊಂಡು ಷೋರೂಮಿನಲ್ಲಿ ಕೂತು ನಿರ್ಧರಿಸಬೇಡಿ.

ಲೋವರಿಂಗ್ ಲಿಂಕ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಬೇಕಾದ್ದಿದೆ. ಮೊದಲನೆಯದಾಗಿ, ಆರ್ 1250 ಜಿಎಸ್‌ಗೆ ಅದು ಹಾಕಲು ಬರುವುದೇ ಇಲ್ಲ. ಅದರ ಶಾಕ್ ನೇರವಾಗಿ ಹಿಂದಿನ ಚಕ್ರ ಹಿಡಿದ ತೋಳಿಗೆ ಕೂತಿರುತ್ತದೆ, ನಡುವೆ ಲಿಂಕ್ ಇಲ್ಲ. ಅದನ್ನು ತಗ್ಗಿಸಬೇಕೆಂದರೆ ಕುಳ್ಳು ಶಾಕ್‌ಗಳೇ ಬೇಕು. ವಿ-ಸ್ಟ್ರಾಮ್‌ನಲ್ಲಿ ಲಿಂಕ್ ಇದೆ, ಬದಲಾಯಿಸಬಹುದು. ಆದರೆ ಹಿಂಭಾಗ 30 ಮಿ.ಮೀ. ಇಳಿಸಿ ಮುಂಭಾಗ ಹಾಗೇ ಬಿಟ್ಟರೆ ಸ್ಟಿಯರಿಂಗ್‌ನ ಓರೆ ಹೆಚ್ಚಾಗಿ ತಿರುವಿನಲ್ಲಿ ಬೈಕು ಅಗಲಕ್ಕೆ ಎಳೆಯುತ್ತದೆ. ಮುಂದಿನ ಫೋರ್ಕನ್ನೂ ಕ್ಲ್ಯಾಂಪಿನಲ್ಲಿ ಮೇಲೆ ಸರಿಸಬೇಕು. ಹಾಗೆ ಸರಿಸಿದಾಗ ಫೋರ್ಕ್ ಪೂರ್ತಿ ಕುಗ್ಗಿದರೆ ಮಡ್‌ಗಾರ್ಡ್ ಯಾವುದಕ್ಕೂ ಬಡಿಯುವುದಿಲ್ಲ ಎಂದು ನೋಡಿಕೊಳ್ಳಬೇಕು. ಸೈಡ್ ಸ್ಟ್ಯಾಂಡಿಗೆ ಬೈಕು ಈಗ ಕುಳ್ಳಾಗಿರುವುದರಿಂದ ಅದು ನೆಟ್ಟಗೆ ನಿಂತು ಸಣ್ಣ ಗಾಳಿಗೂ ಬಲಕ್ಕೆ ಮಗುಚುತ್ತದೆ, ಸ್ಟ್ಯಾಂಡನ್ನೂ ಕತ್ತರಿಸಿ ವೆಲ್ಡ್ ಮಾಡಿಸಬೇಕು. 220 ಮಿ.ಮೀ. ಇದ್ದ ಗ್ರೌಂಡ್ ಕ್ಲಿಯರೆನ್ಸ್ 190ಕ್ಕೆ ಇಳಿಯುತ್ತದೆ, ನಿಮ್ಮ ಮಾವನ ಮನೆ ದಾರಿಯ ಕಲ್ಲುಗಳಿಗೆ ಎಂಜಿನ್ನಿನ ಅಡಿ ಸಿಗುತ್ತದೆ. ಲಿಂಕ್‌ನ ಹತೋಟಿ ಬದಲಾಗುವುದರಿಂದ ಸ್ಪ್ರಿಂಗ್ ಮೆತ್ತಗಾದಂತಾಗಿ, ಇಬ್ಬರು ಕೂತಾಗ ಗುಂಡಿಗಳಲ್ಲಿ ಶಾಕ್ ತಳ ಮುಟ್ಟುತ್ತದೆ. ಇಷ್ಟೆಲ್ಲ ಕಳೆದುಕೊಂಡು ಸಿಗುವುದು ಮೂರು ಸೆಂ.ಮೀ. ನನ್ನ ಸಲಹೆ: ಬೇಡ.

ಅದಕ್ಕಿಂತ ಒಂಟಿ ಕಾಲಿನ ಅಭ್ಯಾಸ ಮಾಡಿಕೊಳ್ಳಿ. ನಿಲ್ಲಿಸುವಾಗ ಎರಡೂ ಕಾಲ್ಬೆರಳು ಊರಲು ಪರದಾಡಬೇಡಿ. ಕೊನೆಯ ಎರಡು ಮೀಟರಿನಲ್ಲಿ ಸೊಂಟವನ್ನು ಸೀಟಿನ ಎಡಕ್ಕೆ ಅರ್ಧ ಸರಿಸಿ, ಎಡಪಾದ ಪೂರ್ತಿ ಊರಿ, ಬಲಪಾದ ಹಿಂದಿನ ಬ್ರೇಕಿನ ಮೇಲೇ ಇರಲಿ. ನಿಲ್ಲುವ ಮೊದಲೇ ರಸ್ತೆ ಯಾವ ಕಡೆಗೆ ಇಳಿಜಾರಿದೆ ಎಂದು ನೋಡುವ ರೂಢಿ ಬೆಳೆಸಿಕೊಳ್ಳಿ. ಎಡಕ್ಕೆ ಗುಂಡಿ ಇದ್ದರೆ ಎರಡು ಮಾರು ಮುಂದೆ ಹೋಗಿ ನಿಲ್ಲಿ. ನಿಮ್ಮಷ್ಟೇ ಎತ್ತರದವರು ಈ ಬೈಕುಗಳನ್ನು ವರ್ಷಗಟ್ಟಲೆ ಓಡಿಸುತ್ತಿರುವುದು ಹೀಗೆಯೇ.

ಉಳಿದ ಮಾತುಗಳಿಗೆ ಬರೋಣ. ‘ಭಾರದ ಬೈಕು ರಸ್ತೆಗೆ ಕಚ್ಚಿ ಕೂರುತ್ತದೆ’ ಎಂಬುದು ಅರ್ಧ ನಿಜ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾಯ್ದಾಗ ಭಾರದ ಬೈಕು ಕಡಿಮೆ ಅಲುಗುತ್ತದೆ, ಸರಿ. ಆದರೆ ಭಾರದಿಂದ ಬ್ರೇಕಿನ ದೂರ ಕಡಿಮೆಯಾಗುವುದಿಲ್ಲ. ಒಣ ಡಾಂಬರಿನಲ್ಲಿ ಚೆನ್ನಾಗಿ ಬ್ರೇಕ್ ಹಿಡಿಯಬಲ್ಲವರಿಗೂ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 18 ಮೀಟರ್ ಬೇಕು, 100ರಿಂದ ನಿಲ್ಲಲು 49 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕ್ರಮವಾಗಿ ಇನ್ನೂ 17 ಮತ್ತು 28 ಮೀಟರ್ ಸೇರುತ್ತದೆ. ದೊಡ್ಡ ಎಂಜಿನ್ನಿನ ನಿಜವಾದ ಅಪಾಯ ಇಲ್ಲಿದೆ. ಕ್ಲಾಸಿಕ್‌ನಲ್ಲಿ 90 ದಾಟಿದರೆ ಹ್ಯಾಂಡಲ್ ನಡುಗಿ ಎಚ್ಚರಿಸುತ್ತದೆ. ಜಿಎಸ್‌ನಲ್ಲಿ 120 ಕೂಡ 70ರಂತೆ ಭಾಸವಾಗುತ್ತದೆ. ಮೊದಲ ಎರಡು ತಿಂಗಳು ಮೀಟರ್ ನೋಡಿಕೊಂಡೇ ಓಡಿಸಿ, ಕಿವಿಯನ್ನೂ ಮೈಯನ್ನೂ ನಂಬಬೇಡಿ. ನಮ್ಮಲ್ಲಿ ಗೇರ್ ಇರುವ ಬೈಕಿನ ಲೈಸೆನ್ಸ್ ಒಂದಿದ್ದರೆ 100 ಸಿಸಿಯಿಂದ 1300 ಸಿಸಿವರೆಗೆ ಎಲ್ಲವನ್ನೂ ಓಡಿಸಬಹುದು. ಕಾನೂನು ನಿಮ್ಮನ್ನು ಮಧ್ಯದಲ್ಲಿ ತಡೆದು ಕಲಿಸುವುದಿಲ್ಲ, ಕಲಿಕೆಯ ಹೊಣೆ ಪೂರ್ತಿ ನಿಮ್ಮದೇ.

ಎಲೆಕ್ಟ್ರಾನಿಕ್ಸ್ ಬಗ್ಗೆ: ಎಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ಹಿಂದಿನ ಚಕ್ರ ಸುಮ್ಮನೆ ಗಿರಕಿ ಹೊಡೆಯುವುದನ್ನು ತಡೆಯುತ್ತದೆ. ಬೈಕನ್ನು ಎತ್ತಿ ಹಿಡಿಯುವ ಸಾಧನ ಯಾವುದೂ ಇಲ್ಲ. ನಡಿಗೆಯ ವೇಗದಲ್ಲಿ ಎಬಿಎಸ್ ಕೆಲಸವನ್ನೇ ನಿಲ್ಲಿಸಿರುತ್ತದೆ. ಹ್ಯಾಂಡಲ್ ತಿರುಗಿಸಿಕೊಂಡು ಯು-ಟರ್ನ್ ಮಾಡುವಾಗ ಮುಂದಿನ ಬ್ರೇಕ್ ಮುಟ್ಟಿದರೆ ಬೈಕು ಒಳಮಗ್ಗುಲಿಗೆ ದೊಪ್ಪೆಂದು ಬೀಳುತ್ತದೆ. ಕ್ಲಾಸಿಕ್‌ನಿಂದ ಬಂದವರು ಮೊದಲ ತಿಂಗಳಲ್ಲಿ ಬೀಳುವ ಬಗೆ ಸಾಮಾನ್ಯವಾಗಿ ಇದೇ. ನಡಿಗೆಯ ವೇಗದಲ್ಲಿ ಬಲಗೈಯ ಬೆರಳುಗಳು ಬ್ರೇಕ್ ಲಿವರಿನ ಮೇಲಿರಬಾರದು. ಕ್ಲಚ್ ಅರ್ಧ ಹಿಡಿತದಲ್ಲಿರಲಿ, ವೇಗವನ್ನು ಹಿಂದಿನ ಬ್ರೇಕಿನಿಂದ ತಗ್ಗಿಸಿ.

ಲಡಾಖ್‌ಗೆ ದೊಡ್ಡ ಎಂಜಿನ್ನೇ ಬೇಕು ಎಂಬುದು ತಪ್ಪು. ಖರ್ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 58ರಷ್ಟು. ಫ್ಯುಯೆಲ್ ಇಂಜೆಕ್ಷನ್ ಗಾಳಿಗೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡುತ್ತದೆಯೇ ಹೊರತು ಇಲ್ಲದ ಆಮ್ಲಜನಕವನ್ನು ತರುವುದಿಲ್ಲ. ಆದ್ದರಿಂದ ಎಲ್ಲ ಎಂಜಿನ್ನುಗಳೂ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತವೆ: ಜಿಎಸ್‌ನ 136 ಅಶ್ವಶಕ್ತಿ 78ರ ಹತ್ತಿರಕ್ಕೆ, ವಿ-ಸ್ಟ್ರಾಮ್‌ನ 84 ಸುಮಾರು 48ಕ್ಕೆ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ 40 ಸುಮಾರು 23ಕ್ಕೆ. ನಿಮ್ಮ ಕ್ಲಾಸಿಕ್ ಶಿವಮೊಗ್ಗದಲ್ಲಿ ಕೊಡುವುದು 20ರ ಆಸುಪಾಸು. ಅಂದರೆ ಹಿಮಾಲಯನ್ ಆ ಎತ್ತರದಲ್ಲೂ ನಿಮಗೆ ಪರಿಚಯವಿರುವ ಶಕ್ತಿಗಿಂತ ಹೆಚ್ಚೇ ಕೊಡುತ್ತದೆ. ಅಲ್ಲಿ ಕಾಡುವುದು ಶಕ್ತಿಯಲ್ಲ, ಮರಳು, ಉರುಳುಕಲ್ಲು ಮತ್ತು ಹಿಮ ಕರಗಿ ರಸ್ತೆ ದಾಟುವ ನಾಲಾಗಳು. ಆ ನೀರು ಮಧ್ಯಾಹ್ನದ ಹೊತ್ತಿಗೆ ಏರುತ್ತದೆ, ಬೆಳಿಗ್ಗೆಯೇ ದಾಟಬೇಕು. ಉಸಿರು ಸಾಲದ ಜಾಗದಲ್ಲಿ ಬಿದ್ದ ಬೈಕನ್ನು ಎತ್ತುವಾಗ ಹಿಮಾಲಯನ್‌ನ 196 ಕೆ.ಜಿ.ಗೂ ಜಿಎಸ್‌ನ 249 ಕೆ.ಜಿ.ಗೂ ಇರುವ ಅಂತರ ಬಹಳ ದೊಡ್ಡದು.

ಹಿಮಾಲಯನ್ 450 ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಾನೇ ಸೇರಿಸುತ್ತಿದ್ದೇನೆ. ಅದಕ್ಕೆ ಕಾರಣ ಆ ಮೂರು ಕಿ.ಮೀ. ಮಣ್ಣುದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ಮಣ್ಣು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಮೇಲೊಂದು ಪಾಚಿಯ ಪದರ, ಅಡಿಯಲ್ಲಿ ಗಟ್ಟಿ ನೆಲ, ನಡುವೆ ನೀರು ಕೊರೆದ ಕಾಲುವೆ. ದೊಡ್ಡ ಬೈಕುಗಳೊಂದಿಗೆ ಬರುವ ಟೈರು ಹೆಚ್ಚಾಗಿ ಡಾಂಬರಿಗೆ ಮಾಡಿದ್ದು. ಅದರ ಗೆರೆಗಳಲ್ಲಿ ಕೆಸರು ತುಂಬಿ ಎರಡು ಸುತ್ತಿನೊಳಗೆ ಟೈರು ನುಣುಪಾಗುತ್ತದೆ. ಏರಿನ ಮಧ್ಯೆ ನಿಂತುಹೋದರೆ ಮುಂದಿನ ಬ್ರೇಕ್ ಹಿಡಿದರೂ ಬೈಕು ಹಿಂದಕ್ಕೆ ಜಾರುತ್ತದೆ, ಏಕೆಂದರೆ ಏರಿನಲ್ಲಿ ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಿರುತ್ತದೆ. ಆಗ ಮಾಡಬೇಕಾದ್ದು: ಕ್ಲಚ್ ಹಿಡಿಯದೆ, ಗೇರಿನಲ್ಲೇ ಎಂಜಿನ್ ಆರಲು ಬಿಡುವುದು. ಎಂಜಿನ್ನಿನ ಬಿಗಿತವೇ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿಂದ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ, ಹಿಡಿಯುತ್ತಾ ಬೈಕನ್ನು ಇಂಚಿಂಚು ಹಿಂದಕ್ಕೆ ಇಳಿಸಿ, ಬಾಲವನ್ನು ದಾರಿಯ ಎತ್ತರದ ಅಂಚಿಗೆ ತಿರುಗಿಸಿ, ಮುಂಭಾಗ ಇಳಿಜಾರಿನತ್ತ ಬಂದ ಮೇಲೆ ಹೊರಡಬೇಕು. ಇದನ್ನು ಹೆಂಡತಿ ಹಿಂದೆ ಕೂತಿರುವಾಗ, ಕಾಲ್ಬೆರಳಿನ ಮೇಲೆ, 249 ಕೆ.ಜಿ. ಬೈಕಿನಲ್ಲಿ ಮಾಡುವುದನ್ನು ಊಹಿಸಿಕೊಳ್ಳಿ. ಜಿಎಸ್ ಆ ದಾರಿ ಹತ್ತುವುದಿಲ್ಲ ಎಂದಲ್ಲ, ಪಳಗಿದವರ ಕೈಯಲ್ಲಿ ಸಲೀಸಾಗಿ ಹತ್ತುತ್ತದೆ. ಪಳಗುವ ಮೊದಲು ಆ ದಾರಿ ನಿಮಗೆ ಹದಿನೈದು ದಿನಕ್ಕೊಮ್ಮೆ ಎದುರಾಗುತ್ತದೆ ಎಂಬುದೇ ಚಿಂತೆ.

ಇಬ್ಬರು ಹೋಗುವುದಾದರೆ ಭಾರದ ಮಿತಿಯನ್ನೂ ಲೆಕ್ಕ ಹಾಕಬೇಕು. ಆರ್ 1250 ಜಿಎಸ್‌ಗೆ ಕಂಪನಿ ಒಪ್ಪಿರುವ ಒಟ್ಟು ತೂಕ 465 ಕೆ.ಜಿ. ಬೈಕಿನ 249 ಕಳೆದರೆ 216 ಉಳಿಯಿತು. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ನೀವು 78, ನಿಮ್ಮ ಪತ್ನಿ 66 ಎಂದು ಹಿಡಿದರೆ 72 ಕೆ.ಜಿ. ಉಳಿಯುತ್ತದೆ. ಕ್ರ್ಯಾಶ್ ಗಾರ್ಡ್, ಎಂಜಿನ್ ಕಾಯುವ ಅಡಿತಟ್ಟೆ, ಅಲ್ಯೂಮಿನಿಯಂ ಪೆಟ್ಟಿಗೆಗಳು, ಅವುಗಳ ಚೌಕಟ್ಟು, ಟಾಪ್ ಬಾಕ್ಸ್ ಸೇರಿದರೆ 30 ಕೆ.ಜಿ. ಖಾಲಿ ಪೆಟ್ಟಿಗೆಗಳಿಗೇ ಹೋಯಿತು. ಬಟ್ಟೆ, ಟೂಲ್ಸ್, ನೀರಿಗೆ ಉಳಿದದ್ದು 42. ಸಾಕು, ಆದರೆ ಹಿಂದಿನ ಟೈರಿಗೆ 42 ಪಿಎಸ್‌ಐ ಗಾಳಿ ಬೇಕು, ಪ್ರಿಲೋಡನ್ನು ಇಬ್ಬರ ಗುರುತಿಗೆ ತರಬೇಕು. ಭಾರದ ಸಾಮಾನು ಪೆಟ್ಟಿಗೆಯ ತಳದಲ್ಲಿರಲಿ, ಟಾಪ್ ಬಾಕ್ಸಿನಲ್ಲಿ ಮಳೆಕೋಟು ಮಾತ್ರ ಇರಲಿ. ಮಣ್ಣುದಾರಿಗೆ ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಚೀಲ ಒಳ್ಳೆಯದು. ಜಾರಿದಾಗ ಕಾಲೂರಿದರೆ ಬೈಕು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಗಟ್ಟಿ ಪೆಟ್ಟಿಗೆ ಹಿಂದಿನಿಂದ ಬಂದು ಮೀನಖಂಡಕ್ಕೆ ಗುದ್ದುತ್ತದೆ. ಕಣಕಾಲು ಮುರಿಯುವುದು ಹೀಗೆ.

ಪತ್ನಿ ಹತ್ತುವ, ಇಳಿಯುವ ಕ್ರಮವನ್ನೂ ನಿಗದಿ ಮಾಡಿಕೊಳ್ಳಿ. ನೀವು ಎಂಜಿನ್ ಆರಿಸಿ, ಮೊದಲ ಗೇರಿನಲ್ಲಿಟ್ಟು, ಮುಂದಿನ ಬ್ರೇಕ್ ಹಿಡಿದು ‘ಹೂಂ’ ಅಂದ ಮೇಲೆಯೇ ಅವರು ಎಡಗಡೆಯಿಂದ ಹತ್ತಬೇಕು. ಜಗುಲಿಯ ಮೆಟ್ಟಿಲು, ರಸ್ತೆ ಬದಿಯ ಕಟ್ಟೆ ಸಿಕ್ಕರೆ ಬೈಕನ್ನು ಅದರ ಪಕ್ಕ ನಿಲ್ಲಿಸಿ, ಫುಟ್‌ಪೆಗ್ ಮೇಲೆ ಒಂಟಿ ಕಾಲಿನಲ್ಲಿ ಪೂರ್ತಿ ಭಾರ ಬೀಳುವುದು ತಪ್ಪುತ್ತದೆ.

ಪಂಕ್ಚರ್ ವಿಷಯದಲ್ಲಿ ಮೂರು ಬೈಕಿಗೂ ವ್ಯತ್ಯಾಸವಿದೆ. ಜಿಎಸ್‌ನದು ಅಲಾಯ್ ಇರಲಿ, ಕಡ್ಡಿ ಚಕ್ರವಿರಲಿ, ಎರಡೂ ಟ್ಯೂಬ್‌ಲೆಸ್. ನಡು ಭಾಗಕ್ಕೆ ಮೊಳೆ ಹೊಕ್ಕರೆ ಅಂಟುಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ವಿ-ಸ್ಟ್ರಾಮ್ 800ಡಿಇಗೆ ಟ್ಯೂಬ್ ಇದೆ, ಚಕ್ರ ಬಿಚ್ಚಲೇಬೇಕು. ಹಿಮಾಲಯನ್‌ಗೆ ಟ್ಯೂಬ್‌ಲೆಸ್ ಕಡ್ಡಿ ಚಕ್ರ ಆಯ್ಕೆಯಾಗಿ ಸಿಗುತ್ತದೆ, ತೆಗೆದುಕೊಳ್ಳಿ. ಟ್ಯೂಬಿನ ಬೈಕಾದರೆ 21 ಮತ್ತು 17 ಇಂಚಿನ ಎರಡೂ ಟ್ಯೂಬ್, ಮೂರು ಟೈರ್ ಲಿವರ್, ಆಕ್ಸಲ್‌ಗೆ ಹೊಂದುವ ಸಾಧನ, ಪಂಪ್ ಜೊತೆಗಿರಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಚಕ್ರ ಎತ್ತುವುದೇ ದೊಡ್ಡ ಕೆಲಸ, ಅದನ್ನು ಹಾಕಿಸಿಕೊಳ್ಳಿ. ಊರಿನ ಪಂಕ್ಚರ್ ಅಂಗಡಿಯಲ್ಲಿ ಎರಡು ವಿಷಯ ನೀವೇ ನಿಂತು ನೋಡಬೇಕು: ಬಿಚ್ಚಿದ ಚಕ್ರವನ್ನು ಬ್ರೇಕ್ ಡಿಸ್ಕ್ ಅಡಿಯಾಗುವಂತೆ ಮಲಗಿಸಿ ಅದರ ಮೇಲೆ ನಿಲ್ಲಬಾರದು, ಡಿಸ್ಕ್ ಬಾಗಿದರೆ ಬ್ರೇಕ್ ಹಿಡಿದಾಗ ಲಿವರ್ ಮಿಡಿಯಲು ಶುರುವಾಗುತ್ತದೆ. ಇನ್ನೊಂದು, ಲಿವರ್ ಹಾಕುವಾಗ ಎಬಿಎಸ್‌ನ ತೂತುಬಳೆಗೆ ತಾಗಬಾರದು.

ಬಿದ್ದ ಬೈಕನ್ನು ಎತ್ತುವುದು ಕೊಳ್ಳುವ ಮೊದಲೇ ಕಲಿಯಬೇಕಾದ ವಿದ್ಯೆ. ಮೊದಲು ಎಂಜಿನ್ ಆರಿಸಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆಳೆದು ಮೊದಲ ಗೇರಿಗೆ ಹಾಕಿ, ಎದ್ದ ಬೈಕು ಆಚೆ ಬದಿಗೆ ಬೀಳುವುದಿಲ್ಲ. ಎಡಕ್ಕೆ ಬಿದ್ದಿದ್ದರೆ ಆ ಅನುಕೂಲ ಇಲ್ಲ, ಎತ್ತಿದ ಮೇಲೆ ಮೆಲ್ಲಗೆ ತಡೆಯಬೇಕು. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಕೆಳಗಿನ ಹಿಡಿಯಲ್ಲಿ, ಇನ್ನೊಂದು ಹಿಂದಿನ ಕ್ಯಾರಿಯರ್ ಅಥವಾ ಚೌಕಟ್ಟಿನಲ್ಲಿ. ತೋಳು ನೆಟ್ಟಗಿರಲಿ, ಬೆನ್ನು ಬಾಗದಿರಲಿ, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆ ಹಿಂದಿಡುತ್ತಾ ಒತ್ತಿ. ಜಿಎಸ್‌ಗೆ ಇಲ್ಲೊಂದು ಹೆಚ್ಚುಗಾರಿಕೆ ಇದೆ: ಎರಡೂ ಪಕ್ಕಕ್ಕೆ ಚಾಚಿದ ಸಿಲಿಂಡರುಗಳು ಬೈಕನ್ನು ನೆಲಕ್ಕೆ ಪೂರ್ತಿ ಮಲಗಲು ಬಿಡುವುದಿಲ್ಲ, ಎತ್ತುವ ಕೆಲಸ ಅರ್ಧದಿಂದ ಶುರುವಾಗುತ್ತದೆ. ಅವುಗಳ ಭಾರವೂ ಕೆಳಗಿರುವುದರಿಂದ ನಿಧಾನದಲ್ಲಿ ಜಿಎಸ್ ತನ್ನ ತೂಕಕ್ಕಿಂತ ಹಗುರವಾಗಿ ವರ್ತಿಸುತ್ತದೆ. ಕಾಗದದ ಮೇಲೆ ಸುಮಾರು 17 ಕೆ.ಜಿ. ಕಡಿಮೆಯಿದ್ದರೂ ವಿ-ಸ್ಟ್ರಾಮ್ ನಡಿಗೆಯ ವೇಗದಲ್ಲಿ ಅಷ್ಟೇನೂ ಹಗುರ ಅನಿಸುವುದಿಲ್ಲ.

ನಿಲ್ಲಿಸುವುದರಲ್ಲೂ ಎಚ್ಚರ ಬೇಕು. ಒದ್ದೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಐದು ನಿಮಿಷದಲ್ಲಿ ಹೂತು ಬೈಕು ಮಗುಚುತ್ತದೆ. ಅಂಗೈ ಅಗಲದ ಚಪ್ಪಟೆ ತಟ್ಟೆಯೊಂದನ್ನು ದಾರ ಕಟ್ಟಿ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಮೂತಿ ಮೇಲ್ಮುಖವಾಗಿ, ಮೊದಲ ಗೇರಿನಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ಓಡಿಸದೆ ಬಿಡುವುದಾದರೆ ಬ್ಯಾಟರಿಗೆ ಮೇಂಟೇನರ್ ಚಾರ್ಜರ್ ಹಾಕಿಡಿ, ಸೀಟಿನಡಿ ಇಲಿ ಗೂಡು ಮಾಡಿದೆಯೇ ಎಂದು ನೋಡುತ್ತಿರಿ. ಮಲೆನಾಡಿನಲ್ಲಿ ದೊಡ್ಡ ಬೈಕಿನ ವೈರಿಂಗ್ ಹಾಳಾಗಲು ಇಲಿ ಸಾಮಾನ್ಯ ಕಾರಣ, ವಾರಂಟಿ ಇದಕ್ಕೆ ಬರುವುದಿಲ್ಲ.

ಖರ್ಚಿನ ಬಗ್ಗೆ ಚುಟುಕಾಗಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಜಿಎಸ್‌ಟಿ ಶೇ 40 ಆಗಿದೆ. ಹಿಮಾಲಯನ್‌ಗೂ ಇದೇ ದರ. ಜಿಎಸ್‌ಗೆ 10 ಸಾವಿರ ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಸರ್ವಿಸ್, 20 ಸಾವಿರಕ್ಕೊಮ್ಮೆ ವಾಲ್ವ್ ಪರಿಶೀಲನೆ. ಅದಕ್ಕೆ ನೀವು ಬೆಂಗಳೂರಿಗೆ ಹೋಗಿಬರಬೇಕು, 600 ಕಿ.ಮೀ. ದಾರಿ. ಈ ವರ್ಗದ ಟೈರು ಜೋಡಿಗೆ 30 ಸಾವಿರ ದಾಟುವುದು ಸಾಮಾನ್ಯ. ಬೀಳಿಸಿಕೊಂಡು ಒಂದು ಲಿವರ್ ಮುರಿದರೂ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು. ಕ್ಲಚ್ ಮತ್ತು ಬ್ರೇಕ್ ಲಿವರ್ ಒಂದೊಂದು ಮೊದಲೇ ತರಿಸಿಟ್ಟುಕೊಳ್ಳಿ. ಹೆದ್ದಾರಿಯ ಸುಖಕ್ಕಾಗಿ ದೊಡ್ಡ ಬೈಕು ಎನ್ನುವವರು ಇದನ್ನೂ ನೆನಪಿಡಬೇಕು: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 1250 ಸಿಸಿ ಇದ್ದರೂ ಸರ್ವಿಸ್ ರಸ್ತೆಯೇ ಗತಿ.

ಹಾಗಾದರೆ ಯಾವುದು? ನೀವು ಬರೆದಿರುವ ಬಳಕೆಗೆ, ಅಂದರೆ ಆ ಮಣ್ಣುದಾರಿ ಮತ್ತು ಮೊದಲ ಲಡಾಖ್ ಪ್ರಯಾಣಕ್ಕೆ, ನಾನು ಹಿಮಾಲಯನ್ 450 ಎನ್ನುತ್ತೇನೆ. ಸೀಟು 825 ಮಿ.ಮೀ., ತೂಕ ಹೆಚ್ಚುಕಡಿಮೆ ನಿಮ್ಮ ಕ್ಲಾಸಿಕ್‌ನಷ್ಟೇ, ಸರ್ವಿಸ್ ಶಿವಮೊಗ್ಗದಲ್ಲೇ. ಇಬ್ಬರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ 100ರ ಮೇಲೆ ಓಡುವಾಗ ಎಂಜಿನ್ ದುಡಿಯುವುದು ಕೇಳಿಸುತ್ತದೆ, ಓವರ್‌ಟೇಕ್ ಮಾಡಲು ಒಂದು ಗೇರ್ ಇಳಿಸಬೇಕು. ಅದರ ಕೊರತೆ ಇಷ್ಟೇ. ಮಣ್ಣುದಾರಿಗೆ ಕ್ಲಾಸಿಕ್ ಅನ್ನೇ ಉಳಿಸಿಕೊಂಡು, ಇಬ್ಬರೂ ಸೇರಿ ಗೋವಾ, ಹಂಪಿ, ಕನ್ಯಾಕುಮಾರಿ ಎಂದು ದಿನಕ್ಕೆ 400 ಕಿ.ಮೀ. ಹೋಗುವುದೇ ನಿಮ್ಮ ಕನಸಾದರೆ ಜಿಎಸ್ ಕೊಳ್ಳಿ, ಆ ಕೆಲಸಕ್ಕೆ ಅದರ ಸಮಕ್ಕೆ ನಿಲ್ಲುವ ಬೈಕು ಕಡಿಮೆ. ವಿ-ಸ್ಟ್ರಾಮ್ 800ಡಿಇ ಒಳ್ಳೆಯ ಬೈಕು, ಆದರೆ ಒಬ್ಬರೇ ಕಲ್ಲುದಾರಿಯಲ್ಲಿ ನಿಂತು ಓಡಿಸುವ, ಇನ್ನೂ ಒಂದೆರಡು ಇಂಚು ಎತ್ತರದವರಿಗೆ ಹೆಚ್ಚು ಒಪ್ಪುತ್ತದೆ.

ಜಿಎಸ್ ಎಂದೇ ಮನಸ್ಸು ಮಾಡಿದರೆ ಆ 31 ಸಾವಿರದ ಬೈಕನ್ನು ಹೀಗೆ ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಸೆಂಟರ್ ಸ್ಟ್ಯಾಂಡಿನಲ್ಲಿಟ್ಟು ಹಿಂದಿನ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ, ಟಕ್ ಎಂದರೆ ಫೈನಲ್ ಡ್ರೈವ್‌ನ (ಹಿಂದಿನ ಚಕ್ರ ತಿರುಗಿಸುವ ಗೇರುಗಳ ಭಾಗ) ಬೇರಿಂಗ್ ಸವೆದಿದೆ. ಚೈನಿನ ಬದಲಿಗೆ ಇರುವ ಶಾಫ್ಟ್ ಹಾಯ್ದುಹೋಗುವ ತೋಳಿನ ರಬ್ಬರ್ ಮಡಿಕೆ ಬಿರಿದಿದೆಯೇ ನೋಡಿ. ಒಳಗೆ ನೀರು ಹೊಕ್ಕರೆ ಜಾಯಿಂಟ್ ತುಕ್ಕು ಹಿಡಿದು ದಾರಿಯಲ್ಲೇ ಕೈಕೊಡುತ್ತದೆ. 20 ಸಾವಿರದ ವಾಲ್ವ್ ಪರಿಶೀಲನೆಯ ಬಿಲ್ ಕೇಳಿ. ಟೈರಿನ ಪಕ್ಕದ ನಾಲ್ಕಂಕಿ ಓದಿ, 2321 ಎಂದರೆ 2021ರ 23ನೇ ವಾರದ ಟೈರು, ಗೆರೆಗಳು ಎಷ್ಟೇ ಆಳ ಉಳಿದಿದ್ದರೂ ಬದಲಿಸಲೇಬೇಕು, ಆ ಹಣವನ್ನು ಬೆಲೆಯಲ್ಲಿ ಕಳೆಯಿರಿ. ಸಿಲಿಂಡರ್ ಮುಚ್ಚಳದ ಅಡಿಯಲ್ಲಿ ಗೀರು ಇದ್ದರೆ ನಿಂತಲ್ಲೇ ಬಿದ್ದದ್ದು, ಅದಕ್ಕೆ ಹೆದರಬೇಡಿ. ಹ್ಯಾಂಡಲ್ ತುದಿ, ಫುಟ್‌ಪೆಗ್, ಪೆಟ್ಟಿಗೆ ಚೌಕಟ್ಟು ಮೂರಕ್ಕೂ ಒಂದೇ ದಿಕ್ಕಿನ ಉದ್ದ ಗೀರು ಇದ್ದರೆ ಓಡುವಾಗ ಉಜ್ಜಿಕೊಂಡು ಹೋದದ್ದು, ಬಿಟ್ಟುಬಿಡಿ. ಬೇರೆ ರಾಜ್ಯದ ನೋಂದಣಿಯಾಗಿದ್ದರೆ ಎನ್‌ಒಸಿ ಮತ್ತು ಇಲ್ಲಿನ ತೆರಿಗೆಯ ಖರ್ಚು ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.

ಮುಂಗಡ ಕೊಡುವ ಮುನ್ನ ಅದೇ ಅಂಗಳದಲ್ಲಿ ಮೂರು ಕೆಲಸ ಮಾಡಿ ನೋಡಿ, ಒಬ್ಬರು ಆಚೆ ಬದಿಯಲ್ಲಿ ಕಾವಲಿರಲಿ. ಬೈಕಿನ ಎಡಕ್ಕೆ ನಿಂತು, ಅದನ್ನು ಸೊಂಟಕ್ಕೆ ಒರಗಿಸಿಕೊಂಡು, ಹತ್ತು ಮೀಟರ್ ಹಿಂದಕ್ಕೆ ತಳ್ಳಿ. ಸೈಡ್ ಸ್ಟ್ಯಾಂಡ್‌ನಿಂದ ನೆಟ್ಟಗೆ ಮಾಡಿ, ಒಂಟಿ ಕಾಲಿನ ಮೇಲೆ ಒಂದು ನಿಮಿಷ ಹಿಡಿದು ಕೂರಿ. ಕೊನೆಗೆ ಕಾರು ರಸ್ತೆಯಷ್ಟು ಅಗಲದ ಜಾಗದಲ್ಲಿ, ಸುಮಾರು ಎಂಟು ಮೀಟರಿನಲ್ಲಿ, ಕಾಲು ಊರದೆ ಎಡಕ್ಕೊಂದು ಬಲಕ್ಕೊಂದು ಯು-ಟರ್ನ್ ಮಾಡಿ. ಮೊದಲೆರಡು ಬಾರದಿದ್ದರೆ ಆ ಬೈಕು ಸದ್ಯಕ್ಕೆ ಬೇಡ. ಮೂರನೆಯದು ಬಾರದಿದ್ದರೆ ಚಿಂತೆಯಿಲ್ಲ, ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ನಾಲ್ಕೈದು ವಾರ ಅಭ್ಯಾಸ ಮಾಡಿದರೆ ಬರುತ್ತದೆ. ಅಲ್ಲಿಯವರೆಗೆ ಪತ್ನಿಯನ್ನು ಹಿಂದೆ ಕೂರಿಸಬೇಡಿ. ಕೊಂಡ ಮೇಲೆ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಿ. ಆ ಕೆಲಸ ಆಗುವ ಮೊದಲು ಬೈಕಿಗೆ ಏನಾದರೂ ಆದರೆ ನಿಮಗೆ ಪರಿಹಾರ ಸಿಗುವುದು ಕಷ್ಟ.